ನಾನೂ ಹೇಳತೇನಿ

ಇಡೀ ಊರಿಗೆ ಕಾಲರಾ ಸೂಜಿ ಹಾಕಿಸಿದ ಮನುಷ್ಯ ಕಾಲರಾದಿಂದಲೇ ಸತ್ತ. ಈ ಮಾತು ಹೇಳಿದರೆ ಕೇಳಿದವರು ಮೊದಲು ನಕ್ಕುಬಿಡುತ್ತಾರೆ. ನನಗೆ ನಗು ಬರಲಿಲ್ಲ. ಮುಂಡಗೋಡದ ಬಸ್‌ಸ್ಟ್ಯಾಂಡಿನಲ್ಲಿ ಹಳಿಯಾಳದ ಬಸ್ಸಿಗೆ ಕಾಯುತ್ತಿದ್ದಾಗ ಆ ಊರಿನ ಹೆಣ್ಣುಮಗಳೊಬ್ಬಳು ತಲೆಯ ಮೇಲಿನ ಬುಟ್ಟಿ ಇಳಿಸಿ ನನ್ನ ಮುಂದೆ ನಿಂತಳು.

"ನರ್ಸಬಾಯಾರ, ಡಂಗುರದ ಕಾಕಾ ಹ್ವಾದ್ರಿ."

"ಏನಾಗಿತ್ತು?"

"ಅದ ಬ್ಯಾನಿರಿ. ವಾಂತಿ ಭೇದಿ. ಮುಂಜಾನೆ ಹಿಡೀತು, ಸಂಜೀಕ ತೀರಿತು."

ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಕೆಲವೇ ದಿನಗಳ ಹಿಂದೆ ಅದೇ ಊರಿನ ರಸ್ತೆಯ ಮೇಲೆ, ಕೈಯಲ್ಲಿ ಸಿರಿಂಜು ಹಿಡಿದು, ಕಾಕಾನ ಮುಂದೆ ನಿಂತು ತೋಳು ಕೊಡು ಎಂದು ಬೇಡಿದ್ದೆ. ಅವನು ಕೊಟ್ಟಿರಲಿಲ್ಲ. ಯಾಕೆ ಕೊಡಲಿಲ್ಲ ಎನ್ನುವುದಕ್ಕೆ ಅವನು ಹೇಳಿದ ಕಾರಣ ನನ್ನೊಳಗೆ ಮುಳ್ಳಿನ ಹಾಗೆ ಮುರಿದುಕೊಂಡು ಕೂತಿದೆ. ಅದನ್ನು ತೆಗೆಯಲಿಕ್ಕಾದರೂ ಅವನ ಬಗ್ಗೆ ಬರೆಯಬೇಕು.

ಅವನ ಹೆಸರು ಬರೆಯುವುದಿಲ್ಲ. ಅವನ ಮಗ ಎಲ್ಲೋ ಬದುಕಿರಬಹುದು, ಅವನಿಗೆ ನೋವಾಗಬಾರದು. ಇನ್ನು 'ಅವರು, ಇವರು' ಎಂದು ಬಹುವಚನ ಹಚ್ಚಿದರೆ ಕಾಕಾನೇ ಎದ್ದು ಬಂದು "ಯಾರ ಬಗ್ಗೆ ಬರ್ಯಾಕತ್ತೀರಿ ಬಾಯಾರ?" ಎಂದು ಕೇಳಿಯಾನು. ಆದ್ದರಿಂದ ಏಕವಚನವೇ ಇರಲಿ.

ಮುಂಡಗೋಡ ತಾಲೂಕಿನಲ್ಲಿ, ಪಾಳಾದಿಂದ ಇನ್ನೂ ಒಳಗೆ ಹೋದರೆ ಸಿಗುವ ಊರು ಅದು. ನಾನು ಅಲ್ಲಿಗೆ ನರ್ಸಾಗಿ ಹೋದಾಗ ನನಗಿನ್ನೂ ಸೀರೆಯ ನೆರಿಗೆ ಸರಿಯಾಗಿ ನಿಲ್ಲುತ್ತಿರಲಿಲ್ಲ. ಗೌಡರ ಮನೆಯ ಪಕ್ಕದ ಒಂದು ಕೋಣೆಯೇ ಆಸ್ಪತ್ರೆ, ಅದೇ ಮನೆ. ಊರಿನ ತುಂಬ ಒಕ್ಕಲುತನದ ಲಿಂಗವಂತರು, ಕೆರೆಯ ಆಚೆ ನಾಲ್ಕಾರು ಸಿದ್ದಿ ಮನೆಗಳು. ಕಾಕಾ ಆ ಸಿದ್ದಿ ಮನೆಗಳವನು. ಹಿಂದೆ ಡಂಗುರ ಸಾರುತ್ತಿದ್ದ ಮುದುಕ ಮಕ್ಕಳಿಲ್ಲದೆ ತೀರಿಕೊಂಡಾಗ, ಗದ್ದೆಯಲ್ಲಿ ನಿಂತು ಎತ್ತಿಗೆ ಬೈದರೆ ಊರ ಬಾಗಿಲಾದ ಅಗಸಿಯವರೆಗೆ ಕೇಳುತ್ತಿದ್ದ ಇವನ ದನಿ ನೋಡಿ, ಗೌಡರು ಡಂಗುರ ಬಡಿಯುವ ಹಲಗಿಯನ್ನು ಇವನ ಹೆಗಲಿಗೆ ಹಾಕಿದರಂತೆ.

ಕಾಕಾ ದೊಡ್ಡ ಸುಳ್ಳುಗಾರ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ, ನಿಜ. ಆದರೆ ಅವನ ಸುಳ್ಳುಗಳನ್ನು ಬಿಟ್ಟು ಬರೆದರೆ ಅವನನ್ನು ಅರ್ಧ ಬಿಟ್ಟಂತೆ. ದಾಂಡೇಲಿಯಲ್ಲಿ ಕಾಳಿ ಹೊಳೆಯನ್ನು ಮೊಸಳೆಯ ಬೆನ್ನೇರಿ ದಾಟಿದ್ದೇನೆ ಅನ್ನುತ್ತಿದ್ದ. ಅಲ್ಲಿಯ ಕಾರ್ಖಾನೆಯ ಭೋಂಗಾ ಕೆಟ್ಟಾಗ ಸಾಹೇಬರು ಇವನನ್ನು ಕರೆಸಿ, ಪಾಳಿ ಬದಲಾಗುವ ಹೊತ್ತಿಗೆ ಕೂಗಿಸುತ್ತಿದ್ದರಂತೆ.

"ಅಲ್ಲ ಕಾಕಾ, ಮೊಸಳಿ ಕಡೀಲಿಲ್ಲೇನು?" ಎಂದು ಕೇಳಿದರೆ, "ಅದಕ್ಕ ಬಾಯಿ ತಗೀಲಿಕ್ಕ ಪುರಸೊತ್ತ ಎಲ್ಲಿತ್ರಿ? ನಾನ ಮಾತಾಡ್ಕೋತ ಕುಂತಿದ್ದೆ" ಅನ್ನುತ್ತಿದ್ದ. ಎಲೆ ಅಡಿಕೆ ಹಾಕಿ ಕೆಂಪಾದ ಬಾಯಿ ತೆರೆದು ತಾನೇ ಮೊದಲು ನಗುತ್ತಿದ್ದ.

ಇಂಥವನ ಹೆಗಲಿಗೆ ಹಲಗಿ ಏರಿತೆಂದರೆ ಮಾತ್ರ ಬಾಯಲ್ಲಿ ಒಂದು ಸುಳ್ಳೂ ಬರುತ್ತಿರಲಿಲ್ಲ. ಅವನ ಡಂಗುರದಲ್ಲಿ ಎರಡು ಬಗೆ ಇತ್ತು. ಊರಿಗೆ ಹೊಸಬಳಾದ ನನಗೆ ಇದು ತಿಳಿಯಲು ಸ್ವಲ್ಪ ದಿನ ಹಿಡಿಯಿತು. ಒಮ್ಮೆ ಸೊಸೈಟಿಗೆ ಚಿಮಣಿ ಎಣ್ಣೆ ಬರುತ್ತದೆ ಎಂದು ಸಾರಿದ. "ಕೇಳ್ರಪೋ ಕೇಳ್ರಿ! ಸರ್ಕಾರ ಹೇಳತೈತಿ, ನಾಳೆ ಚಿಮಣಿ ಎಣ್ಣಿ ಬರ್ತೈತಿ!" ಮರುದಿನ ಡಬ್ಬಿ ಹಿಡಿದು ಹೋದವಳು ನಾನೊಬ್ಬಳೇ. ಎಣ್ಣೆಯೂ ಬಂದಿರಲಿಲ್ಲ, ಜನರೂ ಬಂದಿರಲಿಲ್ಲ. ಮೂರನೆಯ ದಿನ ಕಾಕಾ ಸೊಸೈಟಿಯ ಹಿತ್ತಲಿಗೆ ಹೋಗಿ, ಬ್ಯಾರೆಲ್ಲಿಗೆ ಬೆರಳ ಗೆಣ್ಣಿನಿಂದ ಬಡಿದು, ತುಂಬಿದೆ ಎಂದು ಖಾತ್ರಿ ಮಾಡಿಕೊಂಡು ಬಂದು ಮತ್ತೆ ಸಾರಿದ. "ಸರ್ಕಾರ ಹೇಳತೈತಿ, ಎಣ್ಣಿ ಬಂದೈತಿ. ನಾನೂ ಹೇಳತೇನಿ!" ಆ ಕೊನೆಯ ಎರಡು ಮಾತು ಕಿವಿಗೆ ಬಿದ್ದದ್ದೇ ತಡ, ಮನೆಮನೆಯಿಂದ ಡಬ್ಬಿಗಳು ಹೊರಬಂದವು.

ಸ್ವತಃ ಗೌಡರಿಗೂ ಅವನು ಆ ಎರಡು ಮಾತನ್ನು ಸುಲಭಕ್ಕೆ ಕೊಡುತ್ತಿರಲಿಲ್ಲ. ಕೆರೆಯಲ್ಲಿ ಯಾರೂ ಮೀನು ಹಿಡಿಯಬಾರದೆಂದು ಗೌಡರು ಒಂದು ಉಪಾಯ ಹೂಡಿದರು. ಕಾಕಾ ಊರೆಲ್ಲ ತಿರುಗಿ, "ಗೌಡ್ರು ಹೇಳತಾರ, ಕೆರಿ ಮೀನಾ ತಿಂದ್ರ ಹೊಟ್ಟಿ ಕೆಡತೈತಿ!" ಎಂದು ಸಾರಿ, ಹಲಗಿಯನ್ನು ಮನೆಯ ಗೂಟಕ್ಕೆ ನೇತುಹಾಕಿ, ಸಂಜೆ ತಾನೇ ಗಾಳ ತೆಗೆದುಕೊಂಡು ಕೆರೆಗೆ ಹೋದ. ಗೌಡರು ಒಳ್ಳೆಯವರು, ನಕ್ಕು ಸುಮ್ಮನಾದರು.

ಜನ ಸರ್ಕಾರದ ಮಾತು ಕೇಳುವುದಿಲ್ಲ ಎಂದು ನಮ್ಮ ಮೀಟಿಂಗುಗಳಲ್ಲಿ ದೊಡ್ಡವರು ಗೋಳಾಡುತ್ತಿದ್ದರು. ಹಳ್ಳಿಯವರು ದಡ್ಡರು, ಮೊಂಡರು ಎಂದೆಲ್ಲ ಹೇಳುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಜನ ಕೇಳುತ್ತಾರೆ ಸ್ವಾಮಿ. ಮಾತು ಯಾವ ಬಾಯಿಂದ ಬಂತು, ಆ ಬಾಯಿ ಹಿಂದೆ ಏನು ಹೇಳಿತ್ತು ಎಂದು ನೋಡಿ ಕೇಳುತ್ತಾರೆ.

ತುರ್ತುಪರಿಸ್ಥಿತಿಯ ಬೇಸಿಗೆಯಲ್ಲಿ ಊರಿಗೆ ಕಾಲರಾ ಬಂತು. ಬಾವಿಯ ಓಣಿಯಲ್ಲಿ ಶುರುವಾಯಿತು. ಆರು ತಿಂಗಳ ಕೂಸಿದ್ದ ಒಬ್ಬ ಬಾಣಂತಿ ನನ್ನ ಕೈಯಲ್ಲೇ ಹೋದಳು. ತಾಲೂಕಿನಿಂದ ಡಾಕ್ಟರು ಜೀಪಿನಲ್ಲಿ ಬಂದರೆ ಊರಿಗೆ ಊರೇ ಕದ ಹಾಕಿಕೊಂಡಿತು. ಮಕ್ಕಳಾಗದ ಹಾಗೆ ಗಂಡಸರನ್ನು ಹಿಡಿದು ಆಪರೇಷನ್ ಮಾಡುತ್ತಾರೆ ಎಂಬ ಸುದ್ದಿ ಆಗ ಎಲ್ಲ ಕಡೆ ಹಬ್ಬಿತ್ತು. ಸೂಜಿಯೂ ಅದರದೇ ಎಂದು ಜನ ನಂಬಿದ್ದರು.

ಕಾಕಾ ಡಾಕ್ಟರ ಬಳಿ ಬಂದು ಬಾಟಲಿ ನೋಡಿದ. ಓದು ಬಾರದವನು, ಬಾಟಲಿಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ ನನ್ನ ಕಡೆ ತಿರುಗಿದ.

"ಯಾತರ ಸೂಜಿರಿ ಇದು, ಬಾಯಾರ?"

"ಕಾಲರಾದ್ದು, ಕಾಕಾ."

"ನೀವು ಹೇಳತೀರಿ?"

"ಹೇಳತೇನಿ."

ಆಗ ಅಂಗಿಯ ತೋಳು ಏರಿಸಿ ಮೊದಲು ತಾನು ಹಾಕಿಸಿಕೊಂಡ. ಆದರೆ ಅವತ್ತೇ ಸಾರಲಿಲ್ಲ. "ತಡೀರಿ, ಏನಾಗ್ತೈತಿ ನೋಡೂಣು" ಅಂದ. ಮರುದಿನ ತೋಳು ಬಾತಿತ್ತು, ಮೈ ಕಾದಿತ್ತು. ಆ ಜ್ವರದಲ್ಲೇ ಎದ್ದು ಹಲಗಿ ಬಡಿಯುತ್ತ ಹೊರಟ. "ಸರ್ಕಾರ ಹೇಳತೈತಿ, ಇದು ಕಾಲರಾ ಸೂಜಿ! ತೋಳು ಬಾಯ್ತೈತಿ, ಒಂದ ದಿನಾ ಜ್ವರಾ ಬರ್ತೈತಿ, ಸಾಯೂದಿಲ್ಲ. ನಾನೂ ಹೇಳತೇನಿ!" ತೋಳು ಬಾಯುತ್ತದೆ ಎಂದು ನಮ್ಮ ಇಲಾಖೆಯ ಯಾವ ಪೋಸ್ಟರೂ ಹೇಳಿರಲಿಲ್ಲ. ಆ ಒಂದು ಮಾತಿಗೇ ಜನ ಅವನನ್ನು ನಂಬಿದರು.

ಎಲ್ಲರನ್ನೂ ಒಂದೇ ಕಡೆ ಸೇರಿಸುವ ದಾರಿಯನ್ನು ಹೇಳಿದವನೂ ಅವನೇ. ಊರಿಗೆ ಬೇನೆ ಬಂದರೆ ನಮ್ಮ ಕಡೆ ಹೊರಬೀಡು ಮಾಡುತ್ತಾರೆ. ಮಂಗಳವಾರ ಸೂರ್ಯ ಹುಟ್ಟುವ ಮೊದಲೇ ಮಕ್ಕಳು ಮುದುಕರು ದನಕರು ಎಲ್ಲ ಊರು ಬಿಟ್ಟು ಹೊರಗೆ ಹೋಗಬೇಕು, ಅಲ್ಲೇ ಅಡುಗೆ ಮಾಡಿ ಉಣ್ಣಬೇಕು. ಅಗಸಿಗೆ ಬೇವಿನ ತೋರಣ ಕಟ್ಟುತ್ತಾರೆ. ಹೊತ್ತು ಮುಳುಗುವ ತನಕ ಅದನ್ನು ಯಾರೂ ದಾಟುವಂತಿಲ್ಲ. ಆ ಹೊತ್ತಿನಲ್ಲಿ ಊರದೇವಿ ದ್ಯಾಮವ್ವ ಖಾಲಿ ಊರಿನಲ್ಲಿ ಒಬ್ಬಳೇ ತಿರುಗಿ ಬೇನೆಯನ್ನು ಗುಡಿಸಿ ಹಾಕುತ್ತಾಳೆ, ಎದುರಾದವನ ಮನೆತನ ಉಳಿಯುವುದಿಲ್ಲ ಎಂದು ನಂಬಿಕೆ. ತೋರಣ ಕಟ್ಟುವುದೂ ಬಿಚ್ಚುವುದೂ ಕಾಕಾನ ಕೆಲಸ. "ಮಂಗಳವಾರ ಮಾವಿನ ತೋಪಿಗೆ ಬರ್ರಿ ಡಾಕ್ಟರ. ಇಡೀ ಊರ ಅಲ್ಲೇ ಇರ್ತೈತಿ. ಬಾವಿಗೂ ನಸಿಕ್ಲೆ ಔಷಧದ ಪುಡಿ ಹಾಕಿಬಿಡ್ರಿ, ಸಂಜೀತನಾ ಯಾರೂ ನೀರ ಸೇದೂದಿಲ್ಲ" ಅಂದ. ಡಾಕ್ಟರು ಅವನ ಬೆನ್ನು ತಟ್ಟಿದರು. ನಾನಂತೂ ಹಿಗ್ಗಿಹೋದೆ.

ಅವತ್ತು ತೋಪಿನಲ್ಲಿ ವನಭೋಜನದ ಸಡಗರವೇ ಇತ್ತು. ಒಲೆಗಳು ಉರಿಯುತ್ತಿದ್ದವು, ಮಕ್ಕಳು ಮರ ಹತ್ತಿದ್ದರು. ಹೆಂಗಸರ ಸೂಜಿ ಅರ್ಧ ಮುಗಿದಿತ್ತು. ಗಂಡಸರು ಇನ್ನೊಂದು ಸಾಲಿನಲ್ಲಿ ನಿಂತಿದ್ದರು. ಆ ಸಾಲಿನ ಮುಂದೆ ಕಾಕಾನ ಮಗ. ತಾಯಿ ಇಲ್ಲದ ಒಬ್ಬನೇ ಮಗ, ಹಳಿಯಾಳದ ಕಡೆಯ ಹುಡುಗಿಯೊಂದಿಗೆ ಮದುವೆ ಗೊತ್ತಾಗಿತ್ತು. ಅಪ್ಪ ಸಾರಿದ ಮಾತಿಗೆ ಮಗನೇ ಮೊದಲು ನಿಲ್ಲಬೇಕಲ್ಲ ಎಂದು ನಿಂತಿದ್ದ. ಗೆಳೆಯರು ಚೇಷ್ಟೆ ಮಾಡುತ್ತಿದ್ದರು.

ರಸ್ತೆಯ ಕಡೆಯಿಂದ ಎರಡು ವ್ಯಾನು ಬಂದು ನಿಂತವು. ಯಾವುದೋ ಕಚೇರಿಯ ಸಾಹೇಬರು, ಸಿಪಾಯಿಗಳು, ಪೊಲೀಸರು ಇಳಿದರು. ನಮಗೆ ಸಹಾಯಕ್ಕೆ ಬಂದಿದ್ದಾರೆ ಎಂದೇ ನಾನು ತಿಳಿದೆ. ಅವರು ನೇರವಾಗಿ ಗಂಡಸರ ಸಾಲಿಗೆ ಹೋಗಿ ರಟ್ಟೆ ಹಿಡಿದು ಎಳೆಯತೊಡಗಿದರು. ಡಾಕ್ಟರು ಓಡಿಹೋಗಿ ಅಡ್ಡ ನಿಂತರೆ ಆ ಸಾಹೇಬರು ನಗುತ್ತ, "ಜನಾ ಕೂಡಿಸಿದ್ದು ಭಾಳ ಚಲೋ ಆತು ಡಾಕ್ಟರ. ನಮ್ಮ ಕೆಲಸ ಹಗುರ ಮಾಡಿದ್ರಿ" ಅಂದರು. ಆ ನಗುವನ್ನು ನಾನು ಇಂದಿಗೂ ಮರೆತಿಲ್ಲ.

ಓಡಬೇಕೆಂದರೆ ಮುಂದೆ ರಸ್ತೆಯಲ್ಲಿ ವ್ಯಾನು, ಪಕ್ಕದಲ್ಲಿ ಕೆರೆಯ ಕೆಸರು. ಹಿಂದೆ ಅಗಸಿ, ಅದರಾಚೆ ಅವರವರ ಮನೆ, ಅವರವರ ಕದ, ಅಗಳಿ. ಆದರೆ ನಡುವೆ ಬೇವಿನ ತೋರಣ. ಗಂಡಸರು ಹಿಂದೆ ಸರಿಯುತ್ತ ಸರಿಯುತ್ತ ತೋರಣದ ತನಕ ಬಂದು, ಅಲ್ಲಿಗೆ ಗೋಡೆಗೆ ಬಡಿದವರಂತೆ ನಿಂತುಬಿಟ್ಟರು. ಎಲೆಗಳು ಅವರ ಬೆನ್ನಿಗೆ ತಾಕುತ್ತಿದ್ದವು. ಒಂದು ಹೆಜ್ಜೆ ಹಿಂದಿಟ್ಟಿದ್ದರೆ ಊರೊಳಗಿರುತ್ತಿದ್ದರು. ಯಾರೂ ಇಡಲಿಲ್ಲ.

ಆಗ ಕಾಕಾ ತೋರಣವನ್ನು ಎರಡು ಕೈಯಿಂದ ಹರಿದು ಹಾಕಿ ತಾನೇ ಒಳಗೆ ನುಗ್ಗಿದ. ಅಗಸಿಯೊಳಗೆ ನಿಂತು ಹಲಗಿ ಬಡಿದು ಕೂಗಿದ. "ಒಳಗ ಓಡಿ ಬರ್ರೋ! ಕದಾ ಹಾಕ್ಕೊಳ್ರೋ! ನಾನೂ ಹೇಳತೇನಿ! ನಾನೂ ಹೇಳತೇನಿ!" ಖಾಲಿ ಊರಿನ ಗೋಡೆಗಳಿಗೆ ಬಡಿದು ಆ ಕೂಗು ತಿರುಗಿ ಬಂತು. ಒಬ್ಬನೂ ಅಲುಗಲಿಲ್ಲ. ಮಗ ಅಪ್ಪನನ್ನೇ ನೋಡುತ್ತ, "ಅಪ್ಪಾ, ಒಳಗ ದ್ಯಾಮವ್ವ ಅದಾಳ, ಹೊರಗ ಬಾ" ಅಂದ. ಅಪ್ಪನಿಗೆ ಏನಾದೀತೋ ಎಂಬ ಹೆದರಿಕೆ ಅವನಿಗೆ. ಅಷ್ಟರಲ್ಲಿ ಅವನ ರಟ್ಟೆಗೆ ಕೈ ಬಿತ್ತು.

ಕಾಕಾ ಹೊರಗೆ ಓಡಿ ಬಂದು ವ್ಯಾನಿನ ಬಾಗಿಲಿಗೆ ಜೋತುಬಿದ್ದ. "ನನ್ನ ಒಯ್ರಿ ಸಾಹೇಬರ, ಅವನ್ನ ಬಿಡ್ರಿ, ಲಗ್ನ ಆಗ್ಬೇಕ್ರಿ ಅವಂದು." ಸಿಪಾಯಿ ಅವನ ಬೆರಳುಗಳನ್ನು ಬಿಡಿಸಿದ. ಎರಡು ವ್ಯಾನೂ ಹೋದವು. ಒಲೆಯ ಮೇಲಿನ ಅನ್ನ ಸೀದ ವಾಸನೆ ಬರುತ್ತಿತ್ತು, ಯಾರೂ ಎದ್ದು ಇಳಿಸಲಿಲ್ಲ.

ನನ್ನನ್ನು ಅದಕ್ಕಿಂತ ಹೆಚ್ಚು ಬೆಚ್ಚಿಬೀಳಿಸಿದ್ದು ಆಮೇಲಿನದು. ವ್ಯಾನಿಗೆ ಯಾರೂ ಬೈಯಲಿಲ್ಲ. ಸಾಹೇಬರಿಗೂ ಬೈಯಲಿಲ್ಲ. ಮರುದಿನ ಮತ್ತೊಬ್ಬರಿಗೆ ಬೇನೆ ಹಿಡಿದಾಗ ಊರೆಲ್ಲ ಒಂದೇ ಮಾತು: ಕಾಕಾ ತೋರಣ ಹರಿದ, ದ್ಯಾಮವ್ವನಿಗೆ ಎದುರಾದ, ಅದಕ್ಕೇ ಹೀಗಾಯಿತು. ದೂರದ ದೊಡ್ಡವರ ಮೇಲಿನ ಸಿಟ್ಟನ್ನು ಜನ ಕೈಗೆ ಸಿಗುವವನ ಮೇಲೆ ಹಾಕುತ್ತಾರೆ ಎಂದು ಈಗ ನನಗೆ ಗೊತ್ತು. ಆಗ ಗೊತ್ತಿರಲಿಲ್ಲ. ನಾನು ಅವರಿವರ ಮನೆಗೆ ಹೋಗಿ ಜಗಳವಾಡಿ ಬಂದೆ. ಕಾಕಾನೇ ನನ್ನನ್ನು ತಡೆದ. "ಬೈಲಿ ಬಿಡ್ರಿ ಬಾಯಾರ. ಬೈಲಿಕ್ಕ ಅವರಿಗೂ ಯಾರರೆ ಬೇಕಲ್ಲ."

ಮಗ ಆಪರೇಷನ್ ಆಗಿ ತಿರುಗಿ ಬಂದ. ಹಳಿಯಾಳದವರು ಮದುವೆ ಬೇಡ ಎಂದು ಹೇಳಿ ಕಳಿಸಿದರು. ಅವನು ಅಪ್ಪನಿಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಉಣ್ಣುತ್ತಾ ಕೂತಾಗ ಒಂದೇ ಒಂದು ಸಲ ಕೇಳಿದನಂತೆ: "ಅಪ್ಪಾ, ನೀ ನೋಡೇ ಹೇಳಿದ್ದಿ ಹೌದಲ್ಲ?" ಇದನ್ನು ಕಾಕಾ ನನ್ನ ಕೋಣೆಯ ಹೊಸ್ತಿಲ ಮೇಲೆ ಕೂತು ಹೇಳಿದ. "ಸೂಜಿ ನೋಡಿದ್ದೆ ಬಾಯಾರ. ರಸ್ತೆ ನೋಡಿರ್ಲಿಲ್ಲ" ಅಂದ. ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲ. ಆಮೇಲೆ ಸ್ವಲ್ಪ ದಿನಕ್ಕೇ ಮಗ ಸೂಪಾದಲ್ಲಿ ಅಣೆಕಟ್ಟಿನ ಕೆಲಸಕ್ಕೆ ಹೋದ. ಮತ್ತೆ ಊರಿಗೆ ಬರಲಿಲ್ಲ.

ಕಾಕಾ ಡಂಗುರ ಬಿಡಲಿಲ್ಲ. ಆದರೆ ಆ ಎರಡು ಮಾತು ಅವನ ಬಾಯಿಂದ ಹೋಯಿತು. ತೋಟಕ್ಕೆ ಹುಲಿ ಬಂದರೂ "ಗೌಡ್ರು ಹೇಳತಾರ". ಅಷ್ಟೇ. ಮೊಸಳೆಯ ಕತೆಯನ್ನೂ ಬಿಟ್ಟುಬಿಟ್ಟ. ನನಗೆ ಅದೇ ಹೆಚ್ಚು ಸಂಕಟವಾಯಿತು.

ನನಗೆ ಸೂಪಾದ ಹತ್ತಿರದ ಜೋಯಿಡಾಕ್ಕೆ ವರ್ಗವಾಯಿತು. ಹೊರಡುವಾಗ ಕಾಕಾ ಕೇಳಿದ್ದು ಒಂದೇ, ಅಲ್ಲಿ ಮಗ ಕಂಡರೆ ಹೇಳಿರಿ ಎಂದು. ಸೂಪಾದ ಕಡೆಯಿಂದ ಬಂದವರನ್ನೆಲ್ಲ ವಿಚಾರಿಸಿದೆ. ಕೆಲವರು ಕಂಡಿದ್ದೇವೆ ಅಂದರು, ಕೆಲವರು ಗೋವಾಕ್ಕೆ ಹೋದ ಅಂದರು. ಆಮೇಲೆ ಅಣೆಕಟ್ಟು ಮುಗಿದು ಸೂಪಾ ಊರೇ ನೀರಿನ ಕೆಳಗೆ ಹೋಯಿತು. ಕೇಳಲಿಕ್ಕೂ ಜಾಗ ಉಳಿಯಲಿಲ್ಲ.

ಮತ್ತೆ ನಾನು ಆ ಊರಿನ ರಸ್ತೆ ಹತ್ತಿದ್ದು ಈ ವರ್ಷ, ಕಾಲರಾ ಮತ್ತೆ ಬಂದು, ಊರು ಬಲ್ಲವಳೆಂದು ಇಲಾಖೆ ನನ್ನನ್ನು ಕಳಿಸಿದಾಗ. ಹೊಸ ಡಾಕ್ಟರು, ಇನ್ನೂ ಮೀಸೆ ಬಲಿಯದ ಹುಡುಗ. ಜೀಪಿನ ಮೇಲೆ ಮೈಕು ಕಟ್ಟಿಕೊಂಡು ಬಂದಿದ್ದರು. ಮೈಕು ಕೂಗಿದಷ್ಟೂ ಕದಗಳು ಮುಚ್ಚಿದವು. ಕಿಟಕಿಯ ಸಂದಿಯಿಂದ ಒಬ್ಬ ಮುದುಕಿ ನನ್ನ ಗುರುತು ಹಿಡಿದು ಅಂದಳು: "ಕಾಕಾನ್ನ ಕೇಳ್ರಿ ಬಾಯಾರ. ಅವತ್ತ ಅಂವಾ ಓಡ್ರಿ ಅಂದಾಗ ನಾವ ಓಡ್ಲಿಲ್ಲ. ಈಗ ಅಂವಾ ಅಂದಂಗ."

ನಾನಿಲ್ಲದ ವರ್ಷಗಳಲ್ಲಿ ಊರು ತಾನಾಗಿಯೇ ತನ್ನ ತಪ್ಪು ತಿಳಿದುಕೊಂಡಿತ್ತು. ಇದನ್ನು ಕಾಕಾನಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ ನನಗೆ ತಿಳಿಯದು.

ಕಾಕಾ ಬಾಗಿಹೋಗಿದ್ದ. ನನ್ನ ಮಾತೆಲ್ಲ ಕೇಳಿ, ಬಾಟಲಿ ತೋರಿಸಲು ಹೋದರೆ ಕೈ ಅಡ್ಡ ಹಿಡಿದ. "ಅದನ್ನ ನೋಡೂದಿಲ್ಲರಿ. ಜೀಪಿನ ಚಾವಿ ಕೊಡ್ರಿ."

ಡಾಕ್ಟರು ಕಣ್ಣು ಪಿಳುಕಿಸಿದರು. ಡ್ರೈವರ್ "ಸರ್ಕಾರಿ ಗಾಡಿರಿ ಇದು, ನನ್ನ ನೌಕರಿ ಹೋಗ್ತೈತಿ" ಎಂದು ರೇಗಿದ. ಕಾಕಾ ತಣ್ಣಗೆ ಹೇಳಿದ. "ಇಡೀ ಊರ ತೋಳು ನಿಮ್ಮ ಕೈಯಾಗ ಕೊಡತೈತಿ. ನೀವು ಒಂದ ಚಾವಿ ಕೊಡ್ಲಿಕ್ಕೆ ಅಂಜತೀರಿ."

ಆ ಹುಡುಗ ಡಾಕ್ಟರನ್ನು ನಾನು ಮೆಚ್ಚಿದ್ದು ಆಗ. ಡ್ರೈವರನ ಕೈಯಿಂದ ಚಾವಿ ಇಸಿದುಕೊಂಡು ಕೊಟ್ಟರು. ಕಾಕಾ ಅದನ್ನು ಒಂದು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡ. ಹಲಗಿಯನ್ನು ಗೂಟದಿಂದ ಇಳಿಸಿ ಬೆಂಕಿಗೆ ಹಿಡಿದು ಕಾಯಿಸಿದ. ದನಿ ಮೊದಲಿನ ಹಾಗಿರಲಿಲ್ಲ, ನಡುನಡುವೆ ಒಡೆಯುತ್ತಿತ್ತು. "ಕೇಳ್ರಪೋ ಕೇಳ್ರಿ! ಸರ್ಕಾರ ಹೇಳತೈತಿ, ಕಾಲರಾ ಸೂಜಿ ಹಾಕ್ಸ್ಕೋರಿ! ಗಾಡಿ ಚಾವಿ ನನ್ನ ಕೊಳ್ಳಾಗ ಐತಿ! ರಸ್ತೆದಾಗ ನಾ ನಿಂದರತೇನಿ! ನಾನೂ ಹೇಳತೇನಿ!"

ಆ ಮಾತನ್ನು ಅಷ್ಟು ವರ್ಷದ ಮೇಲೆ ಕೇಳಿ ನನಗೆ ಅಳು ತಡೆಯಲಾಗಲಿಲ್ಲ. ಅಗಳಿ ತೆಗೆಯುವ ಸದ್ದು ಒಂದೊಂದೇ ಮನೆಯಿಂದ ಕೇಳಿಬಂತು. ಅವತ್ತು ವ್ಯಾನಿನಲ್ಲಿ ಹೋಗಿ ಬಂದವರೂ ಬಂದು ಸಾಲಿನಲ್ಲಿ ನಿಂತರು. ಕಾಕಾ ಮಾತ್ರ ನಮ್ಮ ಕಡೆ ಬೆನ್ನು ಮಾಡಿ, ಊರಾಚೆ ರಸ್ತೆಯ ತಿರುವಿನಲ್ಲಿ ನಿಂತಿದ್ದ. ಬಿಸಿಲು ಏರಿದರೂ ಕೂರಲಿಲ್ಲ. ಯಾರೋ ನೀರು ಒಯ್ದು ಕೊಟ್ಟರೆ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಕುಡಿದ.

ಎಲ್ಲರದೂ ಮುಗಿದ ಮೇಲೆ ನಾನು ಸಿರಿಂಜು ತೊಳೆದು ಕುದಿಸಿ, ಔಷಧ ತುಂಬಿಕೊಂಡು ಅವನ ಬಳಿ ಹೋದೆ.

"ಕಾಕಾ, ಊರೆಲ್ಲಾ ಮುಗೀತು. ಇನ್ನ ನೀ ಒಬ್ಬನ. ತೋಳು ಕೊಡು."

ಅವನು ಕೊರಳಿನಿಂದ ಚಾವಿ ತೆಗೆದು ನನ್ನ ಇನ್ನೊಂದು ಕೈಯಲ್ಲಿಟ್ಟ. ಅಂಗಿಯ ತೋಳು ಏರಿಸಲಿಲ್ಲ.

"ಊರಿಗೆ ನಾ ಹೇಳಿದೆ ಬಾಯಾರ. ನನಗ ಹೇಳೂರು ಯಾರು?"

"ಇದೇನ ಮಾತು ಕಾಕಾ? ನಾ ಹೇಳತೇನಿ. ಇದು ಕಾಲರಾ ಸೂಜಿ."

ಆಗ ಅವನು ಮೊದಲ ಸಲ ರಸ್ತೆಯಿಂದ ಕಣ್ಣು ತೆಗೆದು ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ. ಮಗಳ ಮೇಲೆ ಇಡುವಂಥ ಅಂತಃಕರಣವೇ ಇತ್ತು.

"ಅವತ್ತೂ ನೀವ ಹೇಳಿದ್ರಿ" ಅಂದ. "ಖರೇನ ಹೇಳಿದ್ರಿ. ಆದ್ರೂ ವ್ಯಾನ ಬಂತು."